ಒಂದೇ ಕಂತಿನ ನೆಂಟ: ಕಪ್ಪು ಅಮೆರಿಕದ ಹಳೇ ಸಿಟ್‌ಕಾಂಗಳಲ್ಲಿ ಗೇ ಹುಡುಗರು

ಹಳೇಟೀವಿ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಿದ್ದಾಗ ಓದಿ.

ಎರಡು ತಿಂಗಳಿಂದ ರಾತ್ರಿ ಊಟ ಆದ ಮೇಲೆ ಕಪ್ಪು ಅಮೆರಿಕನ್ನರ ಹಳೇ ಸಿಟ್‌ಕಾಂಗಳನ್ನು (ಅರ್ಧ ಗಂಟೆಯ ನಗೆ ಧಾರಾವಾಹಿಗಳು) ಒಂದೊಂದಾಗಿ ನೋಡುತ್ತಿದ್ದೇನೆ. ಈ ವಾರ ‘ಮೋಯೀಷಾ’ ಹತ್ತಿರ ಬಂದು ನಿಂತಿದ್ದೇನೆ. 1996ರ ಜನವರಿಯಲ್ಲಿ ಯುಪಿಎನ್ ಚಾನೆಲ್‌ನಲ್ಲಿ ಶುರುವಾಗಿ 2001ರವರೆಗೆ ನಡೆದದ್ದು. ಗಾಯಕಿ ಬ್ರಾಂಡಿಯೇ ನಾಯಕಿ. ಊರು ಲಾಸ್ ಏಂಜಲೀಸ್, ಬಡಾವಣೆ ಲಮರ್ಟ್ ಪಾರ್ಕ್. ಕಾರು ಮಾರುವ ಅಪ್ಪ, ಮಲತಾಯಿ ಡೀ, ತುಂಟ ತಮ್ಮ. ಬಂದಾಗೆಲ್ಲ ಇವರ ಮನೆಯ ಫ್ರಿಜ್ ತೆಗೆದು ತಿನ್ನುವ ಗೆಳೆಯ ಹಕೀಮ್. ರಾತ್ರಿ ದಿನಚರಿ ಬರೆಯುವ ಹುಡುಗಿ ಮೋಯೀಷಾ.

ಎರಡನೇ ಸೀಸನ್ನಿನಲ್ಲಿ, 1996ರಲ್ಲೇ, ‘ಲೇಬಲ್ಸ್’ ಅಂತ ಒಂದು ಕಂತು ಬರುತ್ತೆ. ಕನ್ನಡದಲ್ಲಿ ಹಣೆಪಟ್ಟಿ ಅನ್ನಬಹುದು. ಹಕೀಮನ ಕಸಿನ್ ಓಮರ್ ಬರುತ್ತಾನೆ. ನೋಡೋಕೆ ಚೆನ್ನಾಗಿದ್ದಾನೆ, ಮಾತು ನಯ. ಮೋಯೀಷಾ ಅವನ ಜೊತೆ ಡೇಟಿಗೆ ಹೋಗುತ್ತಾಳೆ. ಇವನು ಗೇ ಇರಬಹುದಾ ಅನ್ನುವ ಅನುಮಾನ ಬರುತ್ತೆ. ಗೆಳತಿಯರ ಹತ್ತಿರ ಬಾಯಿ ಬಿಡುತ್ತಾಳೆ. ಮಾತು ಬಾಯಿಂದ ಬಾಯಿಗೆ ಹೋಗುತ್ತೆ. ಹಕೀಮನಿಗೆ ಗೊತ್ತಾಗಿ ಅವಳ ಮೇಲೆ ಕೆಂಡವಾಗುತ್ತಾನೆ.

ಇದು ಯಾವಾಗಿನ ಮಾತು ಅಂತ ನೆನಪಿಡಿ. ಹಾಸ್ಯನಟಿ ಎಲೆನ್ ಡಿಜೆನೆರಸ್ ತನ್ನ ಸಿಟ್‌ಕಾಂನಲ್ಲಿ ‘ನಾನು ಗೇ’ ಅಂದದ್ದು 1997ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ, ಒಂದು ಸಣ್ಣ ಚಾನೆಲ್‌ನಲ್ಲಿ, ಕಪ್ಪು ಮಕ್ಕಳ ಕಥೆಯೊಳಗೆ ಈ ವಿಷಯ ತಂದರು. ನನಗೆ ತುಂಬಾ ಗೌರವ ಬಂತು.

ಆದರೆ ನೋಡಿ ಮುಗಿಸಿದ ಮೇಲೆ ಏನೋ ಕೊರೆಯೋಕೆ ಶುರುವಾಯಿತು. ಇಡೀ ಕಂತು ಮೋಯೀಷಾ ಮಾಡಿದ ತಪ್ಪಿನ ಬಗ್ಗೆ. ಬೇರೆಯವರ ವಿಷಯ ಊರಿಗೆಲ್ಲ ಹೇಳಬಾರದು ಅಂತ ಅವಳು ಕಲಿಯಬೇಕು. ಓಮರ್ ಬಂದದ್ದು ಅವಳಿಗೆ ಪಾಠ ಕಲಿಸೋಕೆ. ಅವನು ಆ ಧಾರಾವಾಹಿಯ ಖಾಯಂ ಪಾತ್ರ ಆಗಲಿಲ್ಲ. ನಮ್ಮಲ್ಲಿ ನೆಂಟ ಅಂದರೆ ಸಂಬಂಧಿಕನೂ ಹೌದು, ಎರಡು ದಿನ ಇದ್ದು ಹೋಗುವವನೂ ಹೌದು ಅಲ್ವಾ? ಓಮರ್ ಎರಡೂ ಅರ್ಥದಲ್ಲಿ ನೆಂಟ.

ನೀವು ಯಾರಾದರೂ ಇಂಥ ಬೇರೆ ಕಂತುಗಳನ್ನು ನೋಡಿದ್ದರೆ ಹೇಳಿ. ಹುಡುಗನೋ ಹುಡುಗಿಯೋ, ಆ ವಯಸ್ಸಿನವರು, ಅವರ ಸ್ವಂತ ಮನೆಯಲ್ಲಿ. ಅದನ್ನೇ ನಾನು ಹುಡುಕುತ್ತಿದ್ದೇನೆ.

ಚರಿತ್ರೆಮೇಷ್ಟ್ರು
ಒಳ್ಳೇ ವಿಷಯ ತೆಗೆದಿರಿ. ‘ನೆಂಟ’ ಅನ್ನುವ ಮಾತು ಹಿಡಿದುಕೊಂಡೇ ಹಿಂದಕ್ಕೆ ಹೋಗೋಣ.

1973ರಲ್ಲಿ ‘ಸ್ಯಾನ್‌ಫರ್ಡ್ ಅಂಡ್ ಸನ್’. ಲಾಸ್ ಏಂಜಲೀಸ್‌ನ ವಾಟ್ಸ್‌ನಲ್ಲಿ ಗುಜರಿ ಅಂಗಡಿ ಇಟ್ಟ ಅಪ್ಪ ಮಗ. ಮಗ ಲಮಾಂಟ್ ಗೇ ಬಾರಿಗೆ ಹೋಗಿದ್ದಾನೆ ಅಂತ ಅಪ್ಪ ಫ್ರೆಡ್ ಗಾಬರಿ ಬೀಳುತ್ತಾನೆ. ಅದೊಂದು ತಪ್ಪು ತಿಳುವಳಿಕೆ. ಅಲ್ಲಿ ಗೇ ಮಗ ಇಲ್ಲವೇ ಇಲ್ಲ, ಅಪ್ಪನ ಭಯ ಮಾತ್ರ ಇದೆ. ಜನ ನಕ್ಕದ್ದು ಆ ಭಯಕ್ಕೆ.

1977ರಲ್ಲಿ ‘ದಿ ಜೆಫರ್‌ಸನ್ಸ್’. ಜಾರ್ಜ್ ಜೆಫರ್‌ಸನ್‌ನ ನೌಕಾಪಡೆಯ ಹಳೇ ಗೆಳೆಯ ಎಡ್ಡಿ ಈಗ ಈಡೀ ಆಗಿ, ಹೆಣ್ಣಾಗಿ ಬರುತ್ತಾಳೆ. ಆ ಕಾಲಕ್ಕೆ ದೊಡ್ಡ ವಿಷಯ. ಆಕೆಯೂ ಒಂದೇ ಕಂತು.

1991ರಲ್ಲಿ ‘ರಾಕ್’. ಬಾಲ್ಟಿಮೋರ್ ನಗರದ ಕಸ ಸಾಗಿಸುವ ಕೆಲಸಗಾರನ ಮನೆ. ಅಪ್ಪ ಆಂಡ್ರೂ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಅಭಿಮಾನಿ. ಅವನ ಸಹೋದರ ರಸೆಲ್ ಬಂದು, ನಾನು ಮದುವೆ ಆಗುತ್ತಿದ್ದೇನೆ, ಹುಡುಗ ಇವನೇ ಅಂತ ಒಬ್ಬ ಬಿಳಿಯನನ್ನು ತೋರಿಸುತ್ತಾನೆ. ರಸೆಲ್ ಪಾತ್ರ ಮಾಡಿದ್ದು ರಿಚರ್ಡ್ ರೌಂಡ್‌ಟ್ರೀ. 70ರ ದಶಕದ ಸಿನಿಮಾದಲ್ಲಿ ‘ಶಾಫ್ಟ್’ ಅನ್ನುವ ಪತ್ತೇದಾರನಾಗಿ, ಕಪ್ಪು ಗಂಡಸುತನಕ್ಕೇ ಹೆಸರಾಗಿದ್ದ ನಟ. ಆ ಪಾತ್ರಕ್ಕೆ ಅವರನ್ನೇ ಕರೆದದ್ದು ಸುಮ್ನೆ ಅಲ್ಲ. ಮದುವೆ ಆ ಮನೆಯಲ್ಲೇ ನಡೆಯುತ್ತೆ. ಅಮೆರಿಕದ ಒಂದೇ ಒಂದು ರಾಜ್ಯದಲ್ಲೂ ಆಗ ಅಂಥ ಮದುವೆಗೆ ಕಾನೂನು ಇರಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಮೊದಲು ಬಂದದ್ದು 2004ರಲ್ಲಿ.

ಗೇ ಅಲ್ಲದ ಮಗ, ಹಳೇ ಗೆಳತಿ, ಚಿಕ್ಕಪ್ಪ, ಕಸಿನ್. ಗಮನಿಸಿದಿರಾ? ಯಾರೂ ಆ ಮನೆಯಲ್ಲಿ ಬೆಳೆಯುತ್ತಿರುವ ಮಗುವಲ್ಲ.

ಸುಮ್ನೆಬಂದೆ
ಒಂದು ಪ್ರಶ್ನೆ. ‘ಮೈ ಸೋ-ಕಾಲ್ಡ್ ಲೈಫ್’ನ ರಿಕಿ? 1994. ವಿಲ್ಸನ್ ಕ್ರೂಜ್ ಮಾಡಿದ ಪಾತ್ರ. ಹದಿನೈದರ ಹುಡುಗ, ಇಡೀ ಸೀಸನ್ ಇದ್ದ, ಒಂದು ಕಂತಿಗೆ ಮುಗಿಯಲಿಲ್ಲ. ಶಾಲೆಯ ಹೆಣ್ಣುಮಕ್ಕಳ ಶೌಚಾಲಯದಲ್ಲಿ ಕನ್ನಡಿ ಮುಂದೆ ನಿಂತು ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳುತ್ತಿದ್ದ. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮನೆಯವರು ಹೊಡೆದು ಹೊರಗೆ ಹಾಕಿದಾಗ ಕ್ರಿಸ್ಮಸ್ ಚಳಿಯಲ್ಲಿ ಬೀದಿಗೆ ಬೀಳುತ್ತಾನೆ. ಕೊನೆಗೆ ಒಬ್ಬ ಮೇಷ್ಟ್ರು ಮನೆಗೆ ಕರೆದುಕೊಂಡು ಹೋಗುತ್ತಾರೆ.

ಹಳೇಟೀವಿ
ಸುಮ್ನೆಬಂದೆ ಅವರೇ, ರಿಕಿಯನ್ನು ನೆನಪಿಸಿದ್ದಕ್ಕೆ ಥ್ಯಾಂಕ್ಸ್. ವಿಲ್ಸನ್ ಕ್ರೂಜ್ ಸ್ವತಃ ಗೇ, ಅದನ್ನು ಮುಚ್ಚಿಡದೆ ಆ ಪಾತ್ರ ಮಾಡಿದರು. ಆದರೆ ಅದು ಸಿಟ್‌ಕಾಂ ಅಲ್ಲ, ಒಂದು ಗಂಟೆಯ ಡ್ರಾಮಾ. ಕ್ರೂಜ್ ಪೋರ್ಟೊರಿಕನ್ ಮೂಲದವರು. ಕಥೆ ನಡೆಯುವುದು ಒಂದು ಬಿಳಿ ಹುಡುಗಿಯ ಸುತ್ತ. ರಿಕಿಯ ಸ್ವಂತ ಜನ, ಸ್ವಂತ ಓಣಿ ನಮಗೆ ಕಾಣುವುದಿಲ್ಲ.

ಇದನ್ನು ಬರೆಯುವಾಗ ಒಂದು ಹೊಳೆಯಿತು. 1996ರಲ್ಲೇ ಶುರುವಾದ ‘ಸ್ಪಿನ್ ಸಿಟಿ’ಯಲ್ಲಿ ಕಾರ್ಟರ್ ಅಂತ ಒಬ್ಬ ಕಪ್ಪು ಗೇ ಪಾತ್ರ ಇದೆ. ಮೈಕಲ್ ಬೋಟ್‌ಮನ್ ಮಾಡಿದ್ದು. ವರ್ಷಗಟ್ಟಲೆ ಇದ್ದ, ಘನತೆಯಿಂದಲೂ ಇದ್ದ. ಆದರೆ ಅವನು ಇರುವುದು ನ್ಯೂಯಾರ್ಕ್ ಮೇಯರ್ ಆಫೀಸಿನಲ್ಲಿ, ಹೆಚ್ಚಿನಂಶ ಬಿಳಿಯರ ನಡುವೆ. ಕಪ್ಪು ಮನೆ ಇದ್ದಲ್ಲಿ ಅವನಿಲ್ಲ. ಅವನಿದ್ದಲ್ಲಿ ಮನೆ ಇಲ್ಲ.

ಲಾಏಂಜಲೀಸ್‌ಅಕ್ಕ
ನಾನು ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ ಆಯಿತು. ಲಮರ್ಟ್ ಪಾರ್ಕ್ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಭಾನುವಾರ ಅಲ್ಲಿ ಡೋಲು ಬಾರಿಸುತ್ತಾರೆ. ಒಬ್ಬರು ಶುರು ಮಾಡಿದರೆ ಹತ್ತು ಜನ ಸೇರಿಕೊಳ್ಳುತ್ತಾರೆ. ಪಕ್ಕದಲ್ಲಿ ಬಟ್ಟೆ, ಅಗರಬತ್ತಿ, ಹಳೇ ಪುಸ್ತಕ ಮಾರುವವರು. ಆ ಧಾರಾವಾಹಿ ಆ ಜಾಗದ ಹೆಸರು ಹೇಳಿದ್ದೇ ಅಲ್ಲಿನವರಿಗೆ ಹೆಮ್ಮೆ.

ನನ್ನ ಜೊತೆ ಕೆಲಸ ಮಾಡುವ ಒಬ್ಬರು ಅದೇ ಸುತ್ತಮುತ್ತ ಬೆಳೆದವರು. ಕಪ್ಪು ಅಮೆರಿಕನ್, ಗೇ, ಈಗ ನಲವತ್ತು ದಾಟಿದ್ದಾರೆ. ಮಧ್ಯಾಹ್ನ ಊಟಕ್ಕೆ ಒಟ್ಟಿಗೆ ಕೂರುತ್ತೇವೆ. ನಿಮ್ಮ ಬರಹ ಓದಿ ಇವತ್ತು ಅವರನ್ನು ಕೇಳಿದೆ. ಅವರು ಮೋಯೀಷಾಕ್ಕೆ ಬರುವ ಮುಂಚೆ ಇನ್ನೊಂದರ ಸುದ್ದಿ ಎತ್ತಿದರು. ‘ಇನ್ ಲಿವಿಂಗ್ ಕಲರ್’. 1990ರಿಂದ 94ರವರೆಗೆ ಫಾಕ್ಸ್ ಚಾನೆಲ್‌ನಲ್ಲಿ ಬಂದ ಹಾಸ್ಯ ಕಾರ್ಯಕ್ರಮ. ಸಿಟ್‌ಕಾಂ ಅಲ್ಲ, ಬಿಡಿಬಿಡಿ ಪ್ರಹಸನ. ಅದರಲ್ಲಿ ಡೇಮನ್ ವೇಯನ್ಸ್, ಡೇವಿಡ್ ಅಲನ್ ಗ್ರೀರ್ ಇಬ್ಬರು ಹೆಣ್ಣಿಗರ ಹಾಗೆ ಕೂತು ಸಿನಿಮಾ ವಿಮರ್ಶೆ ಮಾಡುತ್ತಿದ್ದರು. ಬೆರಳು ಗಾಳಿಯಲ್ಲಿ ತಿರುಗಿಸಿ ಚಿಟಿಕೆ ಹೊಡೆಯುತ್ತಿದ್ದರು.

ಇವರಿಗಾಗ ಒಂಬತ್ತೋ ಹತ್ತೋ. ಅಜ್ಜಿ ಮನೆ ಹಿತ್ತಲಲ್ಲಿ ಮಾಂಸ ಸುಡುತ್ತಿದ್ದಾರೆ, ಅತ್ತೆ ಮಾವಂದಿರ ಮಕ್ಕಳೆಲ್ಲ ಸೇರಿದ್ದಾರೆ. ಎಲ್ಲರೂ ಆ ಚಿಟಿಕೆ ಹೊಡೆದು ಬಿದ್ದು ಬಿದ್ದು ನಗುತ್ತಿದ್ದಾರೆ. ‘ನಾನೂ ಹೊಡೆದೆ’ ಅಂದರು. ‘ನನ್ನ ಕೈ ಅದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿತು. ನಗು ನಿಂತುಹೋಯಿತು. ದೊಡ್ಡಮ್ಮ ನನ್ನ ಮುಖ ನೋಡಿದರು. ಆಮೇಲೆ ಎರಡು ವರ್ಷ ನಾನು ಕೈ ಜೇಬಿನಿಂದ ತೆಗೆಯಲಿಲ್ಲ.’

ತೋರಿಸಿದರು ಕೂಡ, ಹೇಗೆ ನಿಲ್ಲುತ್ತಿದ್ದೆ ಅಂತ. ಹೆಬ್ಬೆರಳು ಒಳಗೆ ಮಡಚಿ, ಮುಷ್ಟಿ ಕಟ್ಟಿ, ಎರಡೂ ಕೈ ಪ್ಯಾಂಟಿನ ಜೇಬಿಗೆ.

ಚರಿತ್ರೆಮೇಷ್ಟ್ರು
ಅಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

ಆ ಚಿಟಿಕೆಯ ಬಗ್ಗೆ ಒಬ್ಬರು ಆಗಲೇ ಬರೆದಿದ್ದರು. ಮಾರ್ಲನ್ ರಿಗ್ಸ್. ಕಪ್ಪು, ಗೇ, ಸಾಕ್ಷ್ಯಚಿತ್ರ ಮಾಡುವವರು. ನಮ್ಮ ನಡುವೆ ಆ ಚಿಟಿಕೆಗೆ ನೂರು ಅರ್ಥ ಇದೆ, ಟೀವಿಯವರು ಅದನ್ನು ನಮ್ಮನ್ನೇ ಆಡಿಕೊಳ್ಳುವ ಒಂದೇ ಅರ್ಥಕ್ಕೆ ಇಳಿಸಿದರು ಅನ್ನುವುದು ಅವರ ನೋವು. ಅವರ 1989ರ ಚಿತ್ರ ‘ಟಂಗ್ಸ್ ಅನ್‌ಟೈಡ್’ ಅನ್ನು ಸಾರ್ವಜನಿಕ ವಾಹಿನಿ ಪಿಬಿಎಸ್ 1991ರಲ್ಲಿ ತೋರಿಸಲು ಹೊರಟಾಗ ದೇಶದಲ್ಲಿ ದೊಡ್ಡ ಗಲಾಟೆ ಆಯಿತು. ಎಷ್ಟೋ ಊರಿನ ಸ್ಟೇಷನ್‌ಗಳು ಹಾಕಲೇ ಇಲ್ಲ.

ಅದೇ ರಿಗ್ಸ್ ಕಪ್ಪು ಜನರನ್ನು ಟೀವಿ ಹೇಗೆ ತೋರಿಸಿತು ಅಂತ ‘ಕಲರ್ ಅಡ್ಜಸ್ಟ್‌ಮೆಂಟ್’ ಅನ್ನುವ ಸಾಕ್ಷ್ಯಚಿತ್ರವನ್ನೂ ಮಾಡಿದರು. ‘ಏಮಸ್ ಅಂಡ್ ಆಂಡಿ’ಯಿಂದ ‘ಕಾಸ್ಬಿ ಶೋ’ವರೆಗೆ. ಏಡ್ಸ್‌ನಿಂದ 1994ರಲ್ಲಿ ತೀರಿಕೊಂಡರು. ವಯಸ್ಸು 37.

ಹಳೇಟೀವಿ ಅವರ ಪ್ರಶ್ನೆಗೆ, ಮನೆಯೊಳಗೆ ಆ ಮಗು ಯಾಕಿಲ್ಲ ಅನ್ನುವುದಕ್ಕೆ, ಅರ್ಧ ಉತ್ತರ ಆ ಇತಿಹಾಸದಲ್ಲಿದೆ. 1951ರಲ್ಲಿ ‘ಏಮಸ್ ಅಂಡ್ ಆಂಡಿ’ ಟೀವಿಗೆ ಬಂದಾಗ ಕಪ್ಪು ಜನರನ್ನು ಪೆದ್ದರ ಹಾಗೆ, ಮೋಸಗಾರರ ಹಾಗೆ ತೋರಿಸುತ್ತಾರೆ ಅಂತ ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಪ್ರತಿಭಟಿಸಿತು. 1953ರಲ್ಲಿ ನಿಂತಿತು. ಆಮೇಲೆ ಕಪ್ಪು ಕುಟುಂಬದ ಧಾರಾವಾಹಿ ಅಂದರೆ ಬೆರಳೆಣಿಕೆ. ಇರುವ ಒಂದೆರಡರ ಮೇಲೆ ಇಡೀ ಸಮುದಾಯದ ಮರ್ಯಾದೆ. ‘ಕಾಸ್ಬಿ ಶೋ’ 1984ರಲ್ಲಿ ಬಂದಾಗ ಹಾರ್ವರ್ಡ್‌ನ ಮನೋವೈದ್ಯ ಆಲ್ವಿನ್ ಪೌಸೆಂಟ್ ಅವರನ್ನು ಸಲಹೆಗಾರರಾಗಿ ಇಟ್ಟುಕೊಂಡರು. ಅಷ್ಟು ಎಚ್ಚರ. ಅಪ್ಪ ಡಾಕ್ಟರ್, ಅಮ್ಮ ವಕೀಲೆ, ಐದು ಮಕ್ಕಳು, ಎಂಟು ಸೀಸನ್. ಗೋಡೆ ಮೇಲಿನ ಚಿತ್ರ, ಅಪ್ಪನ ಸ್ವೆಟ್‌ಶರ್ಟಿನ ಮೇಲಿನ ಕಾಲೇಜಿನ ಹೆಸರು, ಎಲ್ಲವನ್ನೂ ಯೋಚಿಸಿ ಇಟ್ಟ ಮನೆ.

‘ನಾಲ್ಕು ಜನ ಏನಂತಾರೆ’ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ? ಅವರಿಗೆ ಆ ನಾಲ್ಕು ಜನ ಅಂದರೆ ಟೀವಿ ಮುಂದೆ ಕೂತ ಇಡೀ ಬಿಳಿ ಅಮೆರಿಕ. ಅಂಥ ಮನೆಯಲ್ಲಿ ಒಬ್ಬ ಗೇ ಮಗನನ್ನು ಕೂರಿಸುವ ಧೈರ್ಯ ಯಾರಿಗೂ ಬರಲಿಲ್ಲ. ಇದು ಕ್ಷಮೆ ಅಲ್ಲ. ಕಾರಣ ಇದು.

ಚಿಕ್ಕಪೇಟೆ
ಮೇಷ್ಟ್ರೇ, ಚರ್ಚ್ ವಿಷಯ ಬಿಟ್ಟಿರಿ. ಕಪ್ಪು ಸಮುದಾಯಕ್ಕೆ ಚರ್ಚ್ ಅಂದರೆ ಬರೀ ಪ್ರಾರ್ಥನೆಯಲ್ಲ. ಗುಲಾಮಗಿರಿಯ ಕಾಲದಿಂದ ಆಸರೆ ಆದ ಜಾಗ, ನಾಗರಿಕ ಹಕ್ಕುಗಳ ಹೋರಾಟಕ್ಕೆ ಸಭೆ ಸೇರಿದ ಜಾಗ. ಅಲ್ಲಿಂದ ಹೊರಗೆ ಬೀಳುವುದು ಅಂದರೆ ಊರಿಂದ ಹೊರಗೆ ಬಿದ್ದ ಹಾಗೆ. ಆದರೆ ಅದೇ ಚರ್ಚಿನ ಹಾಡುಗಾರರಲ್ಲಿ ಗೇ ಜನ ಇರುವುದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಕ್ಷಿಣದ ಕಡೆ ಅಜ್ಜಿಯಂದಿರು ಅಂಥವನ ಬಗ್ಗೆ ‘ಅವನ ಟ್ಯಾಂಕಿನಲ್ಲಿ ಸ್ವಲ್ಪ ಸಕ್ಕರೆ ಇದೆ’ ಅನ್ನುತ್ತಾರೆ. ಗೇ ಇರಬಹುದು ಅನ್ನುವುದನ್ನು ಸುತ್ತಿ ಬಳಸಿ ಹೇಳುವ ಮಾತು ಅದು. ಗಮನಿಸಿ, ಬೈಗುಳದ ಹಾಗೆ ಕೇಳಿಸುವುದಿಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ. ಅದಕ್ಕೇ ಆ ಹುಡುಗನಿಗೆ ತಿರುಗಿ ಮಾತಾಡೋಕೂ ಆಗುವುದಿಲ್ಲ.

ಹಾಗಂತ, ಹಳೇಟೀವಿ ಅವರೇ, ಮೋಯೀಷಾ ಕಂತಿನ ಬಗ್ಗೆ ನಿಮ್ಮ ದೂರು ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತೆ ಸರ್. ಧಾರಾವಾಹಿಯ ಹೆಸರೇ ಮೋಯೀಷಾ. ಪ್ರತಿ ಕಂತೂ ಅವಳ ದಿನಚರಿ. ಎಲ್ಲರೂ ಅವಳ ಕಣ್ಣಿಂದಲೇ ಕಾಣುತ್ತಾರೆ. ಇನ್ನು ಹಕೀಮ್ ಸಿಟ್ಟಾದದ್ದು ಸಣ್ಣ ವಿಷಯ ಅಲ್ಲ. ಟೀವಿಯಲ್ಲಿ ಒಬ್ಬ ಕಪ್ಪು ಹುಡುಗ ತನ್ನ ಕಸಿನ್ ಪರವಾಗಿ ನಿಂತದ್ದನ್ನು ಹುಡುಗರು ನೋಡಿದರಲ್ಲ.

ಹಳೇಟೀವಿ
ಒಪ್ಪಿದೆ ಸರ್. ಹಕೀಮ್ ವಿಷಯ ನಾನು ಅವಸರದಲ್ಲಿ ದಾಟಿಬಿಟ್ಟೆ. ಆದರೆ ಇಷ್ಟು ಹೇಳಲೇಬೇಕು. ಅವನ ಸಿಟ್ಟಿನಲ್ಲಿ ಎರಡು ಬೆರೆತಿವೆ ಅಂತ ನನಗನ್ನಿಸಿತು. ನಮ್ಮವನ ಹೆಸರು ಕೆಡಿಸಿದೆಯಲ್ಲ ಅನ್ನುವ ಸಿಟ್ಟು ಒಂದು. ನಮ್ಮವನು ನೋಯುತ್ತಾನಲ್ಲ ಅನ್ನುವುದು ಇನ್ನೊಂದು. ಮೊದಲನೆಯದು ಜೋರಾಗಿ ಕೇಳಿಸುತ್ತೆ.

ಅಡಿಕೆತೋಟ
ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ಬರೆಯುತ್ತೇನೆ.

ನಾನು ಗೇ. ಶಿವಮೊಗ್ಗ ಕಡೆಯವನು. ಪಿಯುಸಿ ಓದುವಾಗ ಹಾಸ್ಟೆಲಿನಲ್ಲಿದ್ದೆ. ಒಬ್ಬ ಗೆಳೆಯನಿಗೆ ನಂಬಿ ಹೇಳಿದೆ. ಅವನು ಇಬ್ಬರಿಗೆ ಹೇಳಿದ. ಮರುದಿನ ಬೆಳಿಗ್ಗೆ ತಿಂಡಿಗೆ ತಟ್ಟೆ ಹಿಡಿದು ಸಾಲಲ್ಲಿ ನಿಂತಿದ್ದೆ. ನನ್ನ ಹಿಂದೆ ನಿಲ್ಲಬೇಕಾದವನು ಎರಡು ಹೆಜ್ಜೆ ಜಾಗ ಬಿಟ್ಟು ನಿಂತ. ಉಪ್ಪಿಟ್ಟು ಹಾಕುವ ಅಣ್ಣನಿಗೆ ಏನೂ ಗೊತ್ತಿಲ್ಲ. ‘ಮುಂದೆ ಬನ್ರೋ, ಯಾಕೆ ಅಲ್ಲಿ ನಿಂತಿದ್ದೀರಾ’ ಅಂತ ಕೂಗಿದರು. ಯಾರೂ ಮುಂದೆ ಬರಲಿಲ್ಲ. ಎರಡು ಹೆಜ್ಜೆ ಅಷ್ಟೇ. ಆ ಜಾಗ ಪರೀಕ್ಷೆ ಮುಗಿಯುವವರೆಗೂ ಹಾಗೇ ಇತ್ತು.

ನಿಮ್ಮ ಬರಹ ಓದಿ ನಿನ್ನೆ ರಾತ್ರಿ ಆ ಕಂತು ನೋಡಿದೆ. ಮೋಯೀಷಾ ಕ್ಷಮೆ ಕೇಳುವುದು, ಹಕೀಮ್ ಸಿಟ್ಟು, ಎಲ್ಲ ಸರಿ. ನನಗೆ ಬೇಕಾಗಿದ್ದದ್ದು ಒಂದೇ. ಸುದ್ದಿ ಹಬ್ಬಿದ ಮರುದಿನ ಬೆಳಿಗ್ಗೆ ಓಮರ್ ಹೇಗೆ ಎದ್ದ? ಯಾವ ಅಂಗಿ ಹಾಕಿಕೊಂಡ? ಅವನ ಅಮ್ಮನಿಗೆ ಯಾರಾದರೂ ಫೋನ್ ಮಾಡಿದರಾ? ಇಪ್ಪತ್ತೆರಡು ನಿಮಿಷದಲ್ಲಿ ಎರಡು ನಿಮಿಷ ಸಾಕಿತ್ತು. ಬರೆದವರು ಅವನ ಗುಟ್ಟಿನ ಬಗ್ಗೆ ಯೋಚಿಸಿದರು, ಅವನ ಬೆಳಗಿನ ಬಗ್ಗೆ ಯೋಚಿಸಲಿಲ್ಲ.

ಇನ್ನೊಂದು ಮಾತು. ಪೇಪರಿನವರು ನಮ್ಮನ್ನು ಸಲಿಂಗಕಾಮಿ ಅಂತಲೇ ಬರೆಯುತ್ತಾರೆ. ಹದಿನಾರು ವರ್ಷದ ಹುಡುಗನ ಬಗ್ಗೆ ಮಾತಾಡುವಾಗ ಆ ಶಬ್ದದಲ್ಲಿ ಕಾಮ ಮೊದಲು ಬಂದು ನಿಲ್ಲುತ್ತೆ. ಓದಿದ ಅಪ್ಪ ಅಮ್ಮ ಅಲ್ಲೇ ಪೇಪರ್ ಮಡಚಿಡುತ್ತಾರೆ. ಇಲ್ಲಿ ಎಲ್ಲರೂ ಗೇ ಅಂತ ಬರೆದಿದ್ದೀರಿ. ನನಗೆ ಅದು ಹಿತ ಅನ್ನಿಸಿತು.

ಲಾಏಂಜಲೀಸ್‌ಅಕ್ಕ
ಅಡಿಕೆತೋಟ, ಬರೆದದ್ದು ತುಂಬಾ ಒಳ್ಳೇದಾಯಿತು ಕಣಪ್ಪ. ಆ ಎರಡು ಹೆಜ್ಜೆ ನನ್ನ ತಲೆಯಿಂದ ಹೋಗುತ್ತಿಲ್ಲ. ನಾಳೆ ನನ್ನ ಆ ಸಹೋದ್ಯೋಗಿಯನ್ನು ಓಮರ್ ಬಗ್ಗೆ ಸರಿಯಾಗಿ ಕೇಳುತ್ತೇನೆ.

ಪಾತ್ರೆಪಡಗ
ಹುಡುಗಿಯರ ಮಾತು ಯಾರೂ ಎತ್ತಲಿಲ್ಲ. ಹುಡುಗರಾದರೂ ನೆಂಟರಾಗಿ ಬಂದರು. ಕಪ್ಪು ಹುಡುಗಿ, ಹದಿನಾರು ವರ್ಷ, ಇನ್ನೊಬ್ಬ ಹುಡುಗಿಯನ್ನು ಇಷ್ಟಪಡುತ್ತಾಳೆ. ಆ ಕಾಲದ ಸಿಟ್‌ಕಾಂಗಳಲ್ಲಿ ನಾನೆಷ್ಟು ಹುಡುಕಿದರೂ ಅವಳು ಸಿಗಲಿಲ್ಲ.

ಆದರೆ ಒಂದು ವಿಚಿತ್ರ ನೋಡಿ. ‘ಕಾಸ್ಬಿ ಶೋ’ಗೆ 1989ರಲ್ಲಿ ಪುಟ್ಟ ಒಲಿವಿಯಾ ಆಗಿ ಬಂದ ರೇವನ್-ಸಿಮೋನ್, 2003ರಿಂದ 2007ರವರೆಗೆ ಡಿಸ್ನಿಯ ‘ದಟ್ಸ್ ಸೋ ರೇವನ್’ನ ನಾಯಕಿ. ಅಮೆರಿಕದ ಮಕ್ಕಳ ಕಣ್ಣೆದುರೇ ಬೆಳೆದವಳು. 2013ರಲ್ಲಿ ತಾನು ಹೆಣ್ಣನ್ನು ಪ್ರೀತಿಸುವವಳು ಅಂತ ಹೊರಗೆ ಬಂದದ್ದು, 2020ರಲ್ಲಿ ಒಬ್ಬ ಹೆಣ್ಣನ್ನೇ ಮದುವೆಯಾದದ್ದು. 2015ರಲ್ಲಿ ‘ಬ್ಲಾಕ್-ಇಶ್’ನಲ್ಲಿ ನಾಯಕನ ತಂಗಿ ರೋಂಡಾ ಆಗಿ ಬಂದಾಗ ಅಂಥದೇ ಪಾತ್ರ ಸಿಕ್ಕಿತು. ಅಂದರೆ ನಾವು ಹುಡುಕುತ್ತಿರುವ ಹುಡುಗಿ ಪರದೆಯ ಮೇಲೆ ಇದ್ದಳು. ಕಥೆ ಬರೆಯುವವರ ಹತ್ತಿರ ಅವಳಿಗೊಂದು ಕಥೆ ಇರಲಿಲ್ಲ.

ಇನ್ನು ಏಡ್ಸ್. 1991ರಲ್ಲಿ ‘ಎ ಡಿಫರೆಂಟ್ ವರ್ಲ್ಡ್’ನಲ್ಲಿ ಒಂದು ಕಂತು ಬಂತು. ಕಪ್ಪು ಕಾಲೇಜು, ವೂಪಿ ಗೋಲ್ಡ್‌ಬರ್ಗ್ ಪ್ರೊಫೆಸರ್, ಜೋಸಿ ಅನ್ನುವ ವಿದ್ಯಾರ್ಥಿನಿ ತನಗೆ ಎಚ್‌ಐವಿ ಇದೆ ಅಂತ ತರಗತಿಯಲ್ಲಿ ಹೇಳುತ್ತಾಳೆ. ಟಿಶಾ ಕ್ಯಾಂಪ್‌ಬೆಲ್ ಆ ಪಾತ್ರ ಮಾಡಿದ್ದು. ನಾನು ಅತ್ತಿದ್ದೇನೆ ಅದನ್ನು ನೋಡಿ. ಬಾಸ್ಕೆಟ್‌ಬಾಲ್ ಆಟಗಾರ ಮ್ಯಾಜಿಕ್ ಜಾನ್ಸನ್ ತನಗೆ ಎಚ್‌ಐವಿ ಇದೆ ಅಂತ ಹೇಳಿದ್ದು ಅದೇ ವರ್ಷ ನವೆಂಬರ್‌ನಲ್ಲಿ, ಅಂದರೆ ಆ ಕಂತು ಅದಕ್ಕಿಂತ ಮುಂಚಿನದು. ಇದು ಗೇ ಜನರ ಕಾಯಿಲೆ, ನಮಗೆ ಬರಲ್ಲ ಅಂತ ಕೂತಿದ್ದ ವಿದ್ಯಾರ್ಥಿಗಳಿಗೆ ಎಚ್ಚರ ಹೇಳಬೇಕಿತ್ತು, ಹೇಳಿದರು. ಅದು ಬೇಕಿತ್ತು. ಆದರೆ ಅದೇ ಹೊತ್ತಿಗೆ ಕಪ್ಪು ಗೇ ಹುಡುಗರು ಸಾಲುಸಾಲಾಗಿ ಸಾಯುತ್ತಿದ್ದರು. ಅವರಿಗಾಗಿ ಒಂದು ತರಗತಿ ಸುಮ್ಮನೆ ಕೂತು ಕೇಳಿದ ದೃಶ್ಯ ಬರಲಿಲ್ಲ.

ಚರಿತ್ರೆಮೇಷ್ಟ್ರು
ಏಡ್ಸ್ ಅಂದಿರಲ್ಲ, ಮೋಯೀಷಾದ ಮಲತಾಯಿ ಡೀ ಪಾತ್ರ ಮಾಡಿದ ಶೆರಿಲ್ ಲೀ ರಾಲ್ಫ್ ನೆನಪಾದರು. 1981ರಲ್ಲಿ ಬ್ರಾಡ್‌ವೇಯಲ್ಲಿ ‘ಡ್ರೀಮ್‌ಗರ್ಲ್ಸ್’ ನಾಟಕದಲ್ಲಿದ್ದವರು. ಜೊತೆಗೆ ಕುಣಿದ, ಹಾಡಿದ ಎಷ್ಟೋ ಗೆಳೆಯರು ಏಡ್ಸ್‌ಗೆ ಬಲಿಯಾದರು. ಅವರ ನೆನಪಿಗೆ 1990ರಲ್ಲೇ ದಿವಾ ಫೌಂಡೇಶನ್ ಕಟ್ಟಿ ಊರೂರಿನಲ್ಲಿ ಮಾತಾಡಿದರು. ಅಂದರೆ ಆ ಸೆಟ್ಟಿನಲ್ಲೇ, ಆ ಅಡುಗೆಮನೆಯಲ್ಲೇ, ಈ ನೋವು ಚೆನ್ನಾಗಿ ಗೊತ್ತಿದ್ದ ಒಬ್ಬ ಹೆಂಗಸು ದಿನಾ ನಿಂತಿದ್ದರು.

ಕಾಫಿಡಿಕಾಕ್ಷನ್
ನನ್ನ ಮಗಳ ಜೊತೆ ‘ಪ್ರೌಡ್ ಫ್ಯಾಮಿಲಿ’ ನೋಡುತ್ತೇನೆ, ಅದನ್ನು ಸೇರಿಸಲಾ? ಕಾರ್ಟೂನ್ ಆದರೂ ಕಪ್ಪು ಮನೆಯ ಸಿಟ್‌ಕಾಂ ತಾನೇ.

2001ರಿಂದ 2005ರವರೆಗೆ ಡಿಸ್ನಿ ಚಾನೆಲ್‌ನಲ್ಲಿ ಮೊದಲ ಸುತ್ತು. ನಾಯಕಿ ಪೆನ್ನಿಯ ಜೊತೆ ಓದುವ ಮೈಕಲ್ ಅನ್ನುವ ಹುಡುಗ. ಬಟ್ಟೆಬರೆಯ ಮೇಲೆ ಆಸೆ, ನಯವಾದ ಮಾತು. ನೋಡುವವರಿಗೆಲ್ಲ ಅರ್ಥ ಆಗುತ್ತೆ. ಆದರೆ ಕಥೆ ಒಂದು ಸಲವೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. 2022ರಲ್ಲಿ ಅದೇ ಧಾರಾವಾಹಿ ಮತ್ತೆ ಬಂತು. ಮೈಕಲ್ ಈಗ ಪೆನ್ನಿಯ ಗುಂಪಿನಲ್ಲಿ ಖಾಯಂ ಜಾಗ ಇರುವ ಗೆಳೆಯ. ಉಗುರಿಗೆ, ತುಟಿಗೆ ಬಣ್ಣ ಹಚ್ಚಿದರೂ ಗುಂಪಿನಲ್ಲಿ ಯಾರೂ ಅದನ್ನೊಂದು ವಿಷಯ ಮಾಡುವುದಿಲ್ಲ. ಅವನಿಗೆ ದನಿ ಕೊಟ್ಟಿರುವುದು ಈಜೆ ಜಾನ್ಸನ್. ಮೇಲೆ ಬಂದರಲ್ಲ ಮ್ಯಾಜಿಕ್ ಜಾನ್ಸನ್, ಅವರ ಮಗ. ಸ್ವತಃ ಗೇ. ಹೊಸದಾಗಿ ಪಕ್ಕಕ್ಕೆ ಬಂದ ಮಾಯಾ ಅನ್ನುವ ಹುಡುಗಿಗೆ ಇಬ್ಬರು ಅಪ್ಪಂದಿರು. ಒಬ್ಬರಿಗೆ ಗೇ ನಟ ಬಿಲ್ಲಿ ಪೋರ್ಟರ್ ದನಿ.

ಚರಿತ್ರೆಮೇಷ್ಟ್ರು
ಸೇರಿಸಲೇಬೇಕು. ಯಾಕೆ ಗೊತ್ತಾ? ‘ಮೋಯೀಷಾ’ ಕಟ್ಟಿದ ಮೂವರಲ್ಲಿ ಒಬ್ಬರು ರಾಲ್ಫ್ ಫಾರ್ಕರ್. ಉಳಿದ ಇಬ್ಬರು ಸಾರಾ ಫಿನ್ನಿ, ವೀಡಾ ಸ್ಪಿಯರ್ಸ್. ಅದೇ ಫಾರ್ಕರ್ ಬ್ರೂಸ್ ಸ್ಮಿತ್ ಅವರ ಜೊತೆ ‘ಪ್ರೌಡ್ ಫ್ಯಾಮಿಲಿ’ ನಡೆಸಿದವರು, ಮೊದಲ ಸುತ್ತು, ಎರಡನೇ ಸುತ್ತು ಎರಡನ್ನೂ. 1996ರ ಓಮರ್ ಹಿಂದೆ, 2001ರ ಮೈಕಲ್ ಹಿಂದೆ, 2022ರ ಮೈಕಲ್ ಹಿಂದೆ ಇರುವುದು ಒಬ್ಬರೇ. ಒಂದು ಕಂತಿನ ನೆಂಟನಿಂದ ಗುಂಪಿನ ಗೆಳೆಯನಾಗಲು ಇಪ್ಪತ್ತಾರು ವರ್ಷ.

ಹಳೇಟೀವಿ
ಇದು ನನಗೆ ಗೊತ್ತೇ ಇರಲಿಲ್ಲ ಮೇಷ್ಟ್ರೇ! ಮೊದಲ ಬರಹದಲ್ಲಿ ನಾನು ಇಟ್ಟ ದೂರು ಈಗ ಸ್ವಲ್ಪ ಬೇರೆ ಥರ ಕಾಣುತ್ತಿದೆ. ಓಮರ್‌ನನ್ನು ಬರೆದವರು ಅವನನ್ನು ಮರೆತುಬಿಟ್ಟರು ಅಂತ ಅಂದುಕೊಂಡಿದ್ದೆ. ಆದರೂ ಅಡಿಕೆತೋಟ ಕೇಳಿದ ಬೆಳಗಿನ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ಕಾರ್ಟೂನಿನ ಮೈಕಲ್‌ಗೆ ಆ ಬೆಳಗು ಬರುವುದೇ ಇಲ್ಲ, ಅವನು ನೆಮ್ಮದಿಯಿಂದ ಇದ್ದಾನೆ. ಅದು ಸಂತೋಷವೇ. 1996ರಲ್ಲಿ ಹದಿನಾಲ್ಕು ವರ್ಷ ಆಗಿದ್ದವರಿಗೆ ಅದು ತಲುಪಿದ್ದು ಮಾತ್ರ ತಡವಾಗಿ.

ಲಾಏಂಜಲೀಸ್‌ಅಕ್ಕ
ಕೇಳಿದೆ. ಕೆಫೆಟೇರಿಯಾದಲ್ಲಿ, ಅವರು ತಮ್ಮ ಅನ್ನ ಮೀನು ಬಿಸಿ ಮಾಡಿಕೊಂಡು ಬಂದು ಕೂತ ಮೇಲೆ.

ಓಮರ್ ಮುಖ ನೆನಪಿದೆಯಾ ಅಂದೆ. ಮುಖ ಸರಿಯಾಗಿ ನೆನಪಿಲ್ಲ, ಆದರೆ ಆ ರಾತ್ರಿ ನೆನಪಿದೆ ಅಂದರು. ಅಜ್ಜಿ ಮನೆ. ಅಜ್ಜಿ ಕುರ್ಚಿಯಲ್ಲಿ, ಇವರು ನೆಲದ ಮೇಲೆ, ಟೀವಿಗೆ ತೀರಾ ಹತ್ತಿರ. ಅಜ್ಜಿಗೆ ಬ್ರಾಂಡಿ ಅಂದರೆ ಇಷ್ಟ, ಒಳ್ಳೇ ಹುಡುಗಿ ಅಂತ. ಅದಕ್ಕೇ ಆ ಕಂತಿನ ವಿಷಯ ಏನು ಅಂತ ಗೊತ್ತಾದರೂ ಚಾನೆಲ್ ಬದಲಾಯಿಸಲಿಲ್ಲ. ಏನೂ ಹೇಳಲೂ ಇಲ್ಲ. ಕೈಯಲ್ಲಿದ್ದ ಹೆಣಿಗೆ ನಿಂತಿತ್ತು. ಕಡ್ಡಿಗಳ ಸದ್ದು ಬರುತ್ತಿಲ್ಲ ಅಂತ ಇವರಿಗೆ ಬೆನ್ನ ಹಿಂದೆ ಗೊತ್ತಾಗುತ್ತಿತ್ತಂತೆ. ತಿರುಗಿ ನೋಡಲಿಲ್ಲ.

ಅಡಿಕೆತೋಟ ಬರೆದದ್ದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಉಪ್ಪಿಟ್ಟಿನ ಸಾಲು, ಎರಡು ಹೆಜ್ಜೆ. ಚಮಚ ಕೆಳಗಿಟ್ಟರು. ಆ ಹುಡುಗನಿಗೆ ನನ್ನ ನಮಸ್ಕಾರ ಹೇಳು ಅಂದರು. ಹೇಳಿದ್ದೇನೆ ಕಣಪ್ಪ.

ಆಮೇಲೆ ತಾವಾಗೇ ಹೇಳಿದರು. ‘ಮುಂದಿನ ವಾರ ಅದೇ ಹೊತ್ತಿಗೆ ಹೋಗಿ ಕೂತೆ, ಅವನು ಮತ್ತೆ ಬರುತ್ತಾನೆ ಅಂತ. ಬರಲಿಲ್ಲ. ಅದರ ಮುಂದಿನ ವಾರವೂ ಕೂತೆ. ಓಮರ್ ಎಲ್ಲಿ ಹೋದ ಅಂತ ಅಜ್ಜಿಯನ್ನು ಕೇಳೋಣ ಅನ್ನಿಸಿತು. ಯಾಕೆ ಕೇಳುತ್ತೀಯ ಅಂದರೆ ಏನು ಹೇಳಲಿ ಅಂತ ಸುಮ್ಮನಾದೆ.’

ಅಡಿಕೆತೋಟ
ಅಕ್ಕ, ಅವರಿಗೂ ನನ್ನ ನಮಸ್ಕಾರ ಹೇಳಿ. ಒಂದು ಕೇಳಬಹುದಾ? ಅಜ್ಜಿಯ ಹೆಣಿಗೆ ಮತ್ತೆ ಶುರುವಾಯಿತಾ, ಕಂತು ಮುಗಿದ ಮೇಲೆ?

ಲಾಏಂಜಲೀಸ್‌ಅಕ್ಕ
ಕೇಳಿ ಹೇಳುತ್ತೇನೆ. ಸೋಮವಾರ ರಜೆ, ಮಂಗಳವಾರ ಸಿಗುತ್ತಾರೆ.